ನಮ್ಮ ಮನೆಯ ಐದು ಮೆಟ್ಟಿಲು

ನಿನಗೆ ಸರಕಾರದಿಂದ ಏನೂ ಬರಲಿಲ್ಲ ಎಂದು ನಾಲ್ಕು ವರ್ಷ ಹೇಳುತ್ತ ಬಂದೆನಲ್ಲ, ಹುಲಿಗೆವ್ವ — ಅದು ಸುಳ್ಳು. ಬಂದಿತ್ತು. ನಮ್ಮ ಮೆಟ್ಟಿಲ ಬುಡದವರೆಗೆ ಬಂದಿತ್ತು. ನಾನೇ ತಿರುಗಿ ಕಳಿಸಿದೆ.

ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ಕೆಲಸದ ಜಾಗದಲ್ಲಿ, ಊಟದ ಹೊತ್ತಿಗೆ, ಸಿಮೆಂಟ್ ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ. ಜೊತೆಯವರು ಏನೋ ಅಳತೆ ಬರೆದುಕೊಳ್ಳುತ್ತಿದ್ದಾನೆ ಅಂದುಕೊಂಡಿದ್ದಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸದ ಕರಣೆ ಹಿಡಿದವನು ನಾನು. ಏಳರವರೆಗೆ ಓದಿದವಳು ನೀನು. ಬಾಯಿಂದಲೇ ಹೇಳಬಹುದಿತ್ತು. ಆದರೆ ಮಾತಿಗೆ ನಿಂತರೆ ನಡುವೆ ಎಲ್ಲೋ ನಾನು ನನ್ನದೇ ಸರಿ ಅನ್ನುವ ಕಡೆ ಹೊರಳುತ್ತೇನೆ — ನಿನಗೆ ಗೊತ್ತಿದ್ದದ್ದೇ. ಕಾಗದದ ಮೇಲೆ ಹೊರಳಿದರೆ ಗೀಟು ಹೊಡೆದು ಮತ್ತೆ ಬರೆಯಬಹುದು. ಈಗಾಗಲೇ ಎರಡು ಹಾಳೆ ಹರಿದೆ.

ಪಾಯದಿಂದ ಶುರು ಮಾಡುತ್ತೇನೆ. ನಮ್ಮ ಓಣಿಯಲ್ಲಿ ಯಾರ ಮನೆಗೂ ಮೂರು ಮೆಟ್ಟಿಲಿಗಿಂತ ಹೆಚ್ಚಿರಲಿಲ್ಲ. ನಾನು ಐದು ಇಟ್ಟೆ. ಪಾಪಿನಾಯಕನಹಳ್ಳಿಯಲ್ಲಿ ಬುಟ್ಟಿ ಹೊತ್ತು ಕೂಲಿ ಮಾಡಿದವನು ಗೌಂಡಿಯಾಗಿ ಕಟ್ಟಿದ ಮನೆ. ಹೋಗಿಬರುವವರು ತಲೆ ಎತ್ತಿ ನೋಡಲಿ ಎಂದು ಆಸೆ. ಆಗ ನೀನು, “ಇಷ್ಟೆತ್ತರ ಯಾಕ್ರಿ, ಮುಪ್ಪಿನಾಗ ಹತ್ತಾಕಾಗ್ತದೇನು?” ಅಂದಿದ್ದೆ. ನಾನು ನಕ್ಕಿದ್ದೆ.

ಮುಪ್ಪು ಬರಲಿಲ್ಲ. ಕಂಪ್ಲಿ ಕಡೆ ಭತ್ತದ ನಾಟಿಗೆ ಹೆಂಗಸರನ್ನು ತುಂಬಿಕೊಂಡು ಹೊರಟಿದ್ದ ಟಂಟಂ ಆಟೊ ಮಗುಚಿತು. ಉಳಿದವರಿಗೆ ತರಚುಗಾಯ. ನಿನಗೆ ಬೆನ್ನುಮೂಳೆ. ಆಸ್ಪತ್ರೆಯಿಂದ ಬಂದ ದಿನ ನಿನ್ನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಐದೂ ಮೆಟ್ಟಿಲು ಹತ್ತಿದೆ. ಓಣಿಗೆ ಓಣಿಯೇ ನೋಡುತ್ತ ನಿಂತಿತ್ತು. ಎದುರುಮನೆಯ ನಿಂಗಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಗಂಡಂದ್ರ ಹಿಂಗಿರ್ಬೇಕು ನೋಡ್ರವ್ವಾ” ಅಂದಳು. ಆ ಮಾತು ನನಗೆ — ಹೇಗೆ ಹೇಳಲಿ — ಸಿಹಿಯಾಯಿತು. ನೀನು ಸೊಂಟದ ಕೆಳಗೆ ಏನೂ ಇಲ್ಲದವಳಾಗಿ ಮನೆಗೆ ಬಂದ ದಿನ, ನನ್ನ ಕಿವಿಗೆ ಸಿಹಿ ಬಿತ್ತು. ಈ ಸುಳ್ಳಿನ ಬೇರು ಅಲ್ಲಿದೆ ಎಂದು ಈಗ ಅನ್ನಿಸುತ್ತದೆ.

ಎಂಟು ತಿಂಗಳಾದ ಮೇಲೆ ಪಂಚಾಯ್ತಿಯ ಈರಣ್ಣ ಬಂದ. ಅಂಗವಿಕಲರ ಕೆಲಸ ನೋಡುವವನು. ಅವನಿಗೆ ಪೋಲಿಯೊ ಆಗಿ, ಕಾಲು ಎರಡೂ ನಿಲ್ಲುವುದಿಲ್ಲ. ಗಾಲಿ ಹೆಚ್ಚಿಗೆ ಕಟ್ಟಿಸಿದ ಸ್ಕೂಟರಿನಲ್ಲಿ ಬಂದು ನಮ್ಮ ಮೆಟ್ಟಿಲ ಬುಡದಲ್ಲಿ ನಿಂತ. ಮೇಲೆ ಬರಲಾಗಲಿಲ್ಲ. ನಾನೇ ಇಳಿದು ಹೋದೆ. ಅವನು ಮೇಲೆ ಬರುವಂತಿದ್ದರೆ ನೀನು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಸುಳ್ಳನ್ನೂ ಆ ಮೆಟ್ಟಿಲೇ ಕಾಯಿತು.

“ಅಣ್ಣಾ, ಅಕ್ಕಾರ ಹೆಸರು ಬಂದೈತಿ” ಅಂದ. “ಬಾಗ್ಲಿಗೆ ಇಳಿಜಾರು, ಪಾಯಖಾನಿಗೆ ಕಮೋಡು, ಹಿಡಕೊಳ್ಳಾಕ ಕಂಬಿ, ಅಡಿಗಿ ಕಟ್ಟಿ ತಗ್ಗಿಸೋದು — ಎಲ್ಲಾ ಕೊಡ್ತಾರ. ಒಂದ್ಸಲ ಅಕ್ಕಾರ್ನ ಕೇಳಿ ಸಹಿ ಹಾಕ್ರಿ, ಸಾಕು.”

ನಿಂಗಜ್ಜಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಊರೆಲ್ಲ ಮನೆ ಕಟ್ಟಿಕೊಡುವ ಗೌಂಡಿಯ ಬಾಗಿಲಿಗೆ ಸರಕಾರ ಬಂದು ಸಿಮೆಂಟು ಹಾಕುವುದೇ? ನನ್ನ ಮೆಟ್ಟಿಲನ್ನು ಒಡೆಯುವುದೇ? ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ಇಷ್ಟೇ. ನೀನು ಇರಲಿಲ್ಲ.

“ನನ್ನ ಹೆಂಡ್ತೀನ್ನ ಎತ್ತಾಕ ನನ್ನ ತೋಳಿನ್ನೂ ಬಿದ್ದಿಲ್ಲ” ಅಂದೆ. “ಬ್ಯಾಡ.”

“ಸಿಟ್ಟಾಗಬ್ಯಾಡ್ರಿ. ಬಂದದ್ದು ನಿಮ್ಮ ತೋಳಿಗಲ್ಲ, ಅಕ್ಕಾರಿಗೆ.”

“ಬ್ಯಾಡಂದ್ನಲ್ಲೊ ಮಾರಾಯ!”

ಅವನು ಕಾಗದದ ಮೇಲೆ “ಅವಶ್ಯಕತೆ ಇಲ್ಲ” ಎಂದು ಬರೆದ. ನಾನು ಸಹಿ ಹಾಕಿದೆ. ಹೆಬ್ಬೆಟ್ಟು ಒತ್ತುವವನಲ್ಲ ಎಂದು ತೋರಿಸಲು ಪೂರ್ತಿ ಹೆಸರು ಬರೆದೆ. ಮೇಲೆ ಬಂದಾಗ ನೀನು, “ಯಾರ್ರಿ ಬಂದಿದ್ದು?” ಅಂದೆ.

“ಯಾರಿಲ್ಲ. ಸಿಮೆಂಟ್ ಅಂಗಡಿಯವ.”

ಆಮೇಲೆ ನೀನು ಕೇಳುತ್ತಲೇ ಇದ್ದೆ — ಪಂಚಾಯ್ತಿಯವರು ಬಂದರೇನು, ನನ್ನ ಹೆಸರು ಹಚ್ಚಿದರೇನು. “ಪಟ್ಟಿಯೊಳಗ ಇಲ್ಲ” ಅಂದೆ. ಇನ್ನೊಂದು ಸಲ, “ನಮ್ಮಂಥವರಿಗೆ ಯಾರು ಕೊಡ್ತಾರ” ಅಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಸರಿಯಾಗಿ ಕೂರುತ್ತಿತ್ತು, ಇಟ್ಟಿಗೆಯ ಹಾಗೆ. ಕಡೆಗೆ ನೀನು ಕೇಳುವುದನ್ನೇ ಬಿಟ್ಟೆ.

ನಾನು ಬಾಗಿಲಿಗೆ ಎಂದೂ ಬೀಗ ಹಾಕಿಕೊಂಡು ಹೋದವನಲ್ಲ. ತೆರೆದೇ ಇರುತ್ತಿತ್ತು. ಬೀಗದ ಅವಶ್ಯಕತೆ ಇರಲಿಲ್ಲ. ಆಸ್ಪತ್ರೆಯವರು ಕೊಟ್ಟ ಗಾಲಿಕುರ್ಚಿ ಮೂಲೆಯಲ್ಲಿ ಹಾಸಿಗೆ ಹೊತ್ತುಕೊಂಡು ನಿಂತಿತ್ತು. ಒಳಬಾಗಿಲಲ್ಲಿ ಅದು ಹಿಡಿಸುತ್ತಿರಲಿಲ್ಲ. ನೀನು ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ ತೆವಳುತ್ತಿದ್ದೆ. ಬೆಳಿಗ್ಗೆ ಹನ್ನೊಂದರ ಮೇಲೆ ನೀರು ಮುಟ್ಟುತ್ತಿರಲಿಲ್ಲ — ನಾನು ಸಂಜೆ ಬಂದು ಪಾಯಖಾನೆಗೆ ಎತ್ತಿಕೊಂಡು ಹೋಗುವವರೆಗೆ ತಡೆಯಬೇಕಲ್ಲ. ನಮ್ಮ ಊರಿನ ಬಿಸಿಲು ಎಂಥದ್ದು! ನಿನ್ನ ತುಟಿ ಸೀಳಿರುತ್ತಿತ್ತು. “ನೀರು ಕುಡಿಯಾಕ ಏನು ಧಾಡಿ ನಿನಗ?” ಎಂದು ನಾನೇ ಬೈಯುತ್ತಿದ್ದೆ. ಕಾರಣ ಗೊತ್ತಿದ್ದೂ ಬೈಯುತ್ತಿದ್ದೆ.

ಒಂದು ಸೋಮವಾರ ಹಂಪಿಗೆ ಕರೆದುಕೊಂಡು ಹೋದೆ. ಬಜಾರಿನ ಉದ್ದಕ್ಕೂ, ಗುಡಿಯ ಬಾಗಿಲವರೆಗೆ, ನಿನ್ನನ್ನು ಎತ್ತಿಕೊಂಡೇ ನಡೆದೆ. ನೋಡಿದವರು ಕೈ ಮುಗಿದರು. ಯಾರೋ ಪರದೇಶದವರು ಫೋಟೊ ಹೊಡೆದುಕೊಂಡರು. ನಾನು ಎದೆ ಸೆಟೆಸಿದೆ. ನೀನು ಸೆರಗನ್ನು ಮುಖದ ತುಂಬ ಎಳೆದುಕೊಂಡೆ. ನಾಚಿಕೆ ಅಂದುಕೊಂಡೆ ನಾನು... ಅದು ನಾಚಿಕೆಯಲ್ಲ ಎಂದು ತಿಳಿಯುವಷ್ಟು ಹತ್ತಿರವೇ ಇತ್ತಲ್ಲ ನಿನ್ನ ಮುಖ.

ಈ ವರ್ಷ ಸಂಡೂರಿನ ಕಡೆ ಒಂದು ಶಾಲೆಗೆ ಇಳಿಜಾರು ಕಟ್ಟುವ ಕೆಲಸ ಸಿಕ್ಕಿತು. ನನಗೆ ಗೊತ್ತಿದ್ದದ್ದು ಅಕ್ಕಿ ಗಿರಣಿಯ ಇಳಿಜಾರು — ಹಮಾಲರು ಮೂಟೆ ಹೊತ್ತು ಒಂದೇ ಉಸಿರಿಗೆ ಏರುವಂಥದ್ದು. ಅದೇ ಲೆಕ್ಕದಲ್ಲಿ ಕಟ್ಟಿದೆ. ಗಟ್ಟಿ ಕೆಲಸ. ನೋಡಿ ಹೋಗಲು ಬಂದವನು ಈರಣ್ಣ. ಅವನ ಕೆಲಸ ಈಗ ದೊಡ್ಡದಾಗಿದೆಯಂತೆ, ಊರೂರಿಗೂ ಕಳಿಸುತ್ತಾರಂತೆ. ಗಾಲಿಕುರ್ಚಿಯಲ್ಲಿ ಕೂತು ಹತ್ತಲು ನೋಡಿದ. ಅರ್ಧಕ್ಕೆ ಕೈ ಸೋತು ಹಿಂದಕ್ಕೆ ಜಾರಿದ. ನಾನು ಓಡಿಹೋಗಿ ಬೆನ್ನಿಗೆ ಕೈ ಕೊಟ್ಟು ಮೇಲಕ್ಕೆ ನೂಕಿದೆ. ಅವನು ಮೇಲೆ ಹೋಗಿ ಸುಧಾರಿಸಿಕೊಂಡು, “ಅಣ್ಣಾ, ಇದನ್ನ ನೂಕೋರಿಗೆ ಕಟ್ಟೀರಿ. ಕುಂತೋರಿಗಲ್ಲ” ಅಂದ.

ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕಂತೆ, ಕೂತವರು ತಮ್ಮ ಕೈಯಿಂದಲೇ ಹತ್ತಬೇಕಾದರೆ. ಆಮೇಲೆ ಕೇಳಿದ: “ಅಕ್ಕಾರು ಹೆಂಗದಾರ? ಈಗೂ ನೀವ ಎತ್ತತೀರೇನು?” ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ.

ಶಾಲೆಯದನ್ನು ಒಡೆದು ಮತ್ತೆ ಕಟ್ಟಿದೆ. ಆಮೇಲೆ ಮನೆಗೆ ಬಂದು ಸುತ್ತಿಗೆ ತೆಗೆದೆ. ಮೂರು ಅಡಿ ಎತ್ತರಕ್ಕೆ ಮೂವತ್ತಾರು ಅಡಿ. ಮುಂದೆ ಅಷ್ಟು ಜಾಗವಿಲ್ಲ, ಮಗ್ಗುಲ ಗೋಡೆಗುಂಟ ಹೊರಳಿಸಿ, ಬೇವಿನ ಗಿಡದ ಹತ್ತಿರ ಮತ್ತೊಮ್ಮೆ ಹೊರಳಿಸಿದೆ. ಬಾಗಿಲು ಅಗಲ ಮಾಡಿದೆ. ನಮ್ಮವ್ವ ಬದುಕಿದ್ದಾಗ ಶುಕ್ರವಾರಕ್ಕೊಮ್ಮೆ ಅರಿಸಿನ ಹಚ್ಚುತ್ತಿದ್ದ ಹೊಸ್ತಿಲನ್ನು ಕಿತ್ತೆ. ನಿಂಗಜ್ಜಿ ಬಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು: “ಹೊಸ್ತಿಲಾ ಕಿತ್ತಿ ಅಲ್ಲೋ ಗೌಂಡಿ, ಲಕ್ಷ್ಮಿ ಇನ್ನ ಎಲ್ಲಿಂದ ಬರ್ಬೇಕೋ?”

ಒಳಗಿನಿಂದ ನೀನು ಅಂದೆ: “ಆಕಿಗೂ ನಿನ್ನಂಗ ಮಣಕಾಲು ನೋವಿದ್ದೀತು ಬಿಡವ್ವಾ. ಇಳಿಜಾರಿಲೆ ಬರ್ತಾಳ.”

ನಾಲ್ಕು ವರ್ಷದಲ್ಲಿ ನಿನ್ನ ಜೋಕು ಕೇಳಿದ್ದು ಅದೇ ಮೊದಲು.

ಪಾಯಖಾನೆಗೆ ಕಂಬಿ ಹಾಕಿ ಮುಗಿಸಿದ ಮಧ್ಯಾಹ್ನ ನೀನು ಒಬ್ಬಳೇ ಹೋಗಿ ಒಬ್ಬಳೇ ಬಂದೆ. ಬಂದವಳು ಚೆಂಬು ಎತ್ತಿ ಗಟಗಟ ನೀರು ಕುಡಿದೆ. ಪೂರ್ತಿ ಚೆಂಬು. ಗಲ್ಲದಿಂದ ಇಳಿದು ರವಿಕೆ ತೋಯ್ದರೂ ನಿಲ್ಲಿಸಲಿಲ್ಲ. ನಾನು ಹಿತ್ತಲಿಗೆ ಹೋಗಿ, ಕರಣೆ ಕ್ಲೀನಾಗೇ ಇದ್ದರೂ ಮತ್ತೆ ತೊಳೆದೆ.

ಈಗ ತಗ್ಗಿಸಿದ ಅಡಿಗೆ ಕಟ್ಟೆಯ ಮುಂದೆ ಕೂತು ರೊಟ್ಟಿ ಬಡಿಯುತ್ತೀ. ಅಂಗಡಿಗೆ ನೀನೇ ಹೋಗಿ, ವೀಳ್ಯದೆಲೆ ಬಾಡಿದ್ದಕ್ಕೆ ಅಂಗಡಿಯವನ ಜೊತೆ ಜಗಳ ಮಾಡಿ ಬರುತ್ತೀ. ಮತ್ತೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೀ: “ಸರಕಾರದವರು ತಿರುಗೀನೂ ನೋಡ್ಲಿಲ್ಲ. ನಮ್ಮನಿಯವ್ರು ಕೈ ಬಿಡ್ಲಿಲ್ಲ ನೋಡ್ರಿ.” ಓಣಿ ತಲೆಯಾಡಿಸುತ್ತದೆ. ಎತ್ತಿದ್ದಕ್ಕೂ ಹೆಸರು ನನಗೇ, ಇಳಿಸಿದ್ದಕ್ಕೂ ಹೆಸರು ನನಗೇ. ನಿನ್ನನ್ನು ಹೊರಗೆ ಬಿಟ್ಟು ನಾನು ಒಳಗೆ ಸಿಕ್ಕಿಕೊಂಡಂತಾಗಿದೆ. ಎತ್ತ ಹೊರಳಿದರೂ ನಿನ್ನ ಹೊಗಳಿಕೆಯ ಗೋಡೆ.

ಈರಣ್ಣನಿಗೆ ಸುದ್ದಿ ಮುಟ್ಟಿದೆ. ಸೋಮವಾರ ನೋಡಲು ಬರುತ್ತಾನಂತೆ. ಈ ಸಲ ಅವನು ಮೇಲೆ ಬರುತ್ತಾನೆ, ನಿನ್ನೆದುರು ಕೂರುತ್ತಾನೆ, ಆ ಕಾಗದದ ಮಾತು ತಾನಾಗಿಯೇ ಬರುತ್ತದೆ. “ಹಳೇದು ತೆಗೀಬ್ಯಾಡಪ್ಪ” ಎಂದು ಹೇಳಲು ಫೋನು ಕೈಗೆ ತೆಗೆದುಕೊಂಡಿದ್ದೆ. ನಂಬರೂ ಒತ್ತಿದ್ದೆ. ಆಮೇಲೆ... ಬಿಟ್ಟೆ. ಅವನು ಬರುವುದಿಲ್ಲದಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ — ನನಗೇ ಗೊತ್ತಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ. ಗೀಟು ಹೊಡೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಚಹಾದ ಜೊತೆ ಈ ನೋಟ್‌ಬುಕ್ಕನ್ನು ನಿನ್ನ ತೊಡೆಯ ಮೇಲೆ ಇಡುತ್ತೇನೆ. ಮೊದಲಾಗಿದ್ದರೆ, ಓದಿ ಎಷ್ಟು ಸಿಟ್ಟು ಬಂದರೂ ನೀನು ನನ್ನೆದುರೇ ಇರಬೇಕಿತ್ತು. ಗೋಡೆಗೆ ಮುಖ ಮಾಡುವುದೊಂದೇ ನಿನಗಿದ್ದ ದಾರಿ. ಸಿಟ್ಟು ಬರಿಸಿದವನೇ ಬಂದು ಎತ್ತಬೇಕಿತ್ತು. ಈಗ ಹಾಗಿಲ್ಲ. ನಿಂಗಜ್ಜಿಯ ಮನೆಗೆ ಹೋಗು. ನಿಮ್ಮಣ್ಣನನ್ನು ಕರೆಸಿಕೊಂಡು ತವರಿಗೆ, ಚೋರನೂರಿಗೆ ಹೋಗು. ಓಣಿಯ ನಡುವೆ ಕುರ್ಚಿ ನಿಲ್ಲಿಸಿ ಎಲ್ಲರಿಗೂ ಓದಿ ಹೇಳು. ಹಿಂದೆ ಬಂದು ನೂಕುವುದಿಲ್ಲ, ಮುಂದೆ ಬಂದು ನಿಲ್ಲುವುದೂ ಇಲ್ಲ.

ಇಳಿಜಾರಿನ ಕೆಳತುದಿಗೆ, ದನ ನುಗ್ಗುತ್ತವೆ ಎಂದು, ಒಂದು ಗೇಟು ಕೂರಿಸಲು ಅಳತೆ ತೆಗೆದಿಟ್ಟಿದ್ದೆ. ಕೂರಿಸುವುದಿಲ್ಲ.