ಅತ್ತೆ ಹೆಣೆದ ಸ್ವೆಟರ್ ತೊಳೆದದ್ದು

ಹೊಸಪೇಟೆಯಲ್ಲಿ ಉಣ್ಣೆಯ ಸ್ವೆಟರ್ ಎಂದರೆ ಜನ ನಗುತ್ತಾರೆ. ಬೆವರು ಒರೆಸಿಕೊಳ್ಳುವುದೇ ಒಂದು ಉದ್ಯೋಗವಾಗಿರುವ ಊರಿನಲ್ಲಿ ಉಣ್ಣೆ ಯಾತಕ್ಕೆ? ಆದರೆ ನಾನು ಪಾಠ ಹೇಳುವುದು ಸಂಡೂರಿನ ಶಾಲೆಯಲ್ಲಿ. ಚಳಿಗಾಲದ ಬೆಳಿಗ್ಗೆ ಬಸ್ಸು ಗುಡ್ಡಗಳ ನಡುವೆ ಹೋಗುವಾಗ ಕಿಟಕಿಯ ಸಂದಿನಿಂದ ನುಗ್ಗುವ ಗಾಳಿಗೆ ಹಲ್ಲು ಕಟಕಟ ಅನ್ನುತ್ತವೆ. ಅದಕ್ಕೇ ನನಗೆ ನೌಕರಿಯ ಆರ್ಡರ್ ಬಂದ ವರ್ಷ ನಮ್ಮ ಅತ್ತೆ ಕೆನೆಬಣ್ಣದ ಉಣ್ಣೆ ತರಿಸಿಕೊಂಡು ಸ್ವೆಟರ್ ಹೆಣೆಯಲು ಕೂತರು. ಮದುವೆಯಾಗಿ ಬಂದಾಗಿನಿಂದ ನನಗೆಂದೇ ಅವರು ಮಾಡಿದ ಮೊದಲ ವಸ್ತು ಅದು. ಮೊದಲು ಬೆನ್ನು, ಆಮೇಲೆ ಎದೆ, ಕೊನೆಗೆ ತೋಳು, ಕುತ್ತಿಗೆ.

ಅದು ಮುಗಿದು ಕೆಲವು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅತ್ತೆ ಹಾಲನ್ನು ಲೋಟಕ್ಕೆ ಹಾಕದೆ ಪಕ್ಕದ ನೆಲಕ್ಕೆ ಹೊಯ್ದರು. ಆಗಲೇ ನಮಗೆ ಗೊತ್ತಾದದ್ದು, ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿಲ್ಲವೆಂದು. ಕಣ್ಣಿನ ಒತ್ತಡದ ಕಾಯಿಲೆ, ಹೋದದ್ದು ಮರಳಿ ಬರುವುದಿಲ್ಲ, ಇನ್ನೂ ಮೊದಲೇ ಬರಬೇಕಿತ್ತು ಎಂದರು ಡಾಕ್ಟರು. ನನಗೆ ಸಿಟ್ಟು ಬಂದರೆ ಬಾಯಿಗೆ ಬೀಗ ಇರುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲೇ ಕೂಗಾಡಿದೆ: “ಕಾಣಸವಲ್ದು ಅಂತ ಒಂದ್ ಮಾತು ಹೇಳಲಿಕ್ಕೆ ಏನಾಗಿತ್ರಿ ನಿಮಗ?” ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಬೆರಳ ಗೆಣ್ಣುಗಳೂ ಹಿಡಿದುಕೊಂಡವು, ಹೆಣಿಗೆಯ ಕಡ್ಡಿಗಳು ಪೆಟ್ಟಿಗೆ ಸೇರಿದವು. ಈ ಸ್ವೆಟರ್ ಕೆಟ್ಟರೆ ಇನ್ನೊಂದಿಲ್ಲ.

ಇಂಥದ್ದನ್ನು ಮೂರು ಚಳಿಗಾಲ ಹಾಕಿಕೊಂಡರೂ ಒಮ್ಮೆಯೂ ತೊಳೆದಿರಲಿಲ್ಲ ಎಂದರೆ ನೀವು ನಂಬಬೇಕು. ನಮ್ಮದು ಮಡಿಯ ಮನೆ. ಹತ್ತಿಯ ಬಟ್ಟೆಯನ್ನು ಯಾರಾದರೂ ಮುಟ್ಟಿದರೆ ಮೈಲಿಗೆ, ಮತ್ತೆ ನೀರಿಗೆ ಹಾಕಬೇಕು. ಉಣ್ಣೆಗೆ ಮಾತ್ರ ಆ ಕಾಟವಿಲ್ಲ. ಪೂಜೆಗೆ ಉಡುವ ಧಾಬಳಿ, ಅಂದರೆ ಉಣ್ಣೆಯ ವಸ್ತ್ರ, ದೇವರ ಕೋಣೆಯ ಗಳುವಿನ ಮೇಲೆ ವರ್ಷಗಟ್ಟಲೆ ನೀರು ಕಾಣದೆ ತೂಗಾಡುತ್ತಿರುತ್ತದೆ. “ಉಣ್ಣಿಗೆ ಮೈಲಿಗಿ ಇಲ್ಲ, ತೊಳೀಬ್ಯಾಡ” ಎಂದು ಅತ್ತೆ ಹೇಳಿದ್ದರು, ನಾನೂ ಸೋಮಾರಿ, ಒಪ್ಪಿಕೊಂಡೆ. ಮೈಲಿಗೆ ಇಲ್ಲ ಸರಿ, ಸಂಡೂರಿನ ಅದಿರಿನ ಧೂಳಿಗೆ ಮಡಿ ಮೈಲಿಗೆ ಗೊತ್ತೇ? ಕೆನೆಬಣ್ಣದ ಸ್ವೆಟರ್ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಒಂದು ದಿನ ಅತ್ತೆ ನನ್ನ ತೋಳು ಸವರಿ, ಬೆರಳು ಬೆರಳಿಗೆ ತಿಕ್ಕಿ ನೋಡಿ, “ಏನವಾ ಇದು, ಮಣ್ಣಾಗ ಹೊಳ್ಳಾಡಿ ಬಂದೀ ಏನು?” ಎಂದರು. ನಾಚಿಕೆಯಿಂದ ಸತ್ತು ಹೋದೆ.

ತೊಳೆಯಬೇಕು, ಸರಿ. ಯಾವುದರಿಂದ? ಯಜಮಾನರ ಮಫ್ಲರಿನ ಗತಿ ನನಗೆ ನೆನಪಿತ್ತು. ಅದೂ ಅತ್ತೆ ಹೆಣೆದದ್ದೇ. ಹಿಂದೊಮ್ಮೆ ನಾನು ಅದನ್ನು ಮಷೀನಿಗೆ ತುರುಕಿ, ಬಿಸಿನೀರು ಬಿಟ್ಟು, ಕೈತುಂಬ ಪುಡಿ ಸುರಿದಿದ್ದೆ. ಹೊರಗೆ ಬಂದದ್ದು ಗೇಣುದ್ದದ ದಪ್ಪ ಕಂಬಳಿ ತುಂಡು. ಒಂದು ಕುಣಿಕೆಯೂ ಕಾಣದಂತೆ ಎಲ್ಲ ಒಂದಕ್ಕೊಂದು ಕಚ್ಚಿಕೊಂಡಿತ್ತು. ಆತುರಗಾರರಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ನನ್ನನ್ನು ನೋಡಿಯೇ ಅಂದಿರಬೇಕು. ಈಗ ಅದರಿಂದ ಒಲೆಯ ಮೇಲಿನ ಪಾತ್ರೆ ಇಳಿಸುತ್ತೇವೆ.

ಅಂಗಡಿಯವನು ಒಂದು ಪೊಟ್ಟಣ ತೆಗೆದು ಕೌಂಟರಿನ ಮೇಲೆ ಕುಟ್ಟಿದ. “ಇದನ್ ತಗೊಳ್ರಿ ಟೀಚರ್, ಭಾಳ ಪವರ್ ಐತಿ. ಎಂಥಾ ಕಲಿ ಇದ್ರೂ ತಿಂದ್ ಹಾಕ್ತೈತಿ.” ತಿನ್ನುತ್ತದೆ! ಆ ಮಾತಿಗೆ ನನ್ನ ತಲೆಯಲ್ಲಿ ದೀಪ ಹತ್ತಿತು. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಎಂಜೈಮ್ ಎಂದಿತ್ತು. ಕೂದಲು, ಉಣ್ಣೆ ಎರಡೂ ಪ್ರೋಟೀನ್ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆಸುವವಳು ನಾನು. ಬಟ್ಟೆಗೆ ಅಂಟಿದ ಮೊಟ್ಟೆ, ಹಾಲಿನ ಪ್ರೋಟೀನನ್ನು ತಿನ್ನುವ ವಸ್ತು ಉಣ್ಣೆಯನ್ನು ಬಿಟ್ಟೀತೇ? ಪರೀಕ್ಷೆಗೆ ಬರುತ್ತದೆ ಎಂದು ಹೇಳಿಕೊಟ್ಟ ಪಾಠ ನನ್ನ ಮನೆಯ ಬಕೆಟ್ಟಿಗೆ ಇಳಿದಿರಲೇ ಇಲ್ಲ.

ಅತ್ತೆಯ ಪೆಟ್ಟಿಗೆಯಲ್ಲಿ ಅದೇ ಉಣ್ಣೆಯ ಒಂದು ಪುಟ್ಟ ಉಂಡೆ ಉಳಿದಿತ್ತು. ತುಂಡು ಮಾಡಿ, ಕೆಮ್ಮಣ್ಣು ಹಚ್ಚಿ, ನಾಲ್ಕು ಬಟ್ಟಲಲ್ಲಿ ನೆನೆಸಿದೆ: ಪುಡಿ, ಬಾರ್ ಸೋಪು, ಪಾತ್ರೆಯ ಲಿಕ್ವಿಡ್, ಮಕ್ಕಳ ಶಾಂಪೂ. ಮೊದಲ ಮೂರರಲ್ಲಿ ದಾರ ಒರಟಾಗಿ ಹಗ್ಗದ ಹಾಗೆ ಬಿಗಿದುಕೊಂಡಿತು. ಶಾಂಪೂವಿನಲ್ಲಿ ಮೆತ್ತಗಿತ್ತು, ಆದರೆ ಮಣ್ಣು ಹೋಗಲಿಲ್ಲ. ತಲೆ ಕೆಟ್ಟು ಹೋಯಿತು.

ಮರುದಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸಿನ ಮುಂದೆ ಗೋಳು ತೋಡಿಕೊಂಡೆ. ಆಕೆಯ ತವರು ಕಂಪ್ಲಿ ಕಡೆಯ ಮೆಟ್ರಿ, ಕುರಿ ಸಾಕಿದ ಮನೆತನ. ಸೌಟು ಕೆಳಗಿಟ್ಟು ನಕ್ಕೇಬಿಟ್ಟಳು.

“ಕುರಿ ಮ್ಯಾಗಿನ ಉಣ್ಣಿ ಹೆಂಗ್ ತೊಳೀತೀವಿ ಗೊತ್ತೇನ್ರಿ ಟೀಚರ್? ಕತ್ತರ್ಸೋಕಿಂತ ಮೊದ್ಲು ಕುರೀನ ಹೊಳ್ಯಾಗ ಈಜಾಡಸ್ತೀವಿ. ಕುರಿಗೆ ಬಿಸಿನೀರ್ ಕಾಸ್ತಾರೇನು? ಹಿಡಿದು ಹಿಂಡ್ತಾರೇನು? ತಣ್ಣೀರಾಗ ಬಿಡ್ರಿ, ಅದ ಈಜಾಡ್ಲಿ. ಸೋಪ್ ಬ್ಯಾಡ, ಅಂಟವಾಳದ ಕಾಯಿ ನೆನಸಿ ಆ ನೀರ್ ಹಾಕ್ರಿ. ನಮ್ಮವ್ವ ಕಂಬಳಿಗೆ ಅದನ್ನ ಹಾಕ್ತಿದ್ಲು.”

ನಾಲ್ಕು ಬಟ್ಟಲಿಟ್ಟು ನಾನು ಹುಡುಕುತ್ತಿದ್ದ ಶಾಸ್ತ್ರವನ್ನೆಲ್ಲ ಆಕೆ ಒಂದು ಕುರಿಯನ್ನು ಹೊಳೆಗಿಳಿಸಿ ಮುಗಿಸಿಬಿಟ್ಟಿದ್ದಳು. ಅತ್ತೆ ತಮ್ಮ ಬಂಗಾರದ ಬಳೆ ತಿಕ್ಕುವುದು ಅದೇ ಅಂಟುವಾಳದಿಂದ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನನ್ನ ಕಥೆ. ಆದರೂ ಆ ಸಲ ಆತುರ ಮಾಡಲಿಲ್ಲ. ಉಳಿದ ಒಂದೇ ತುಂಡು ದಾರವನ್ನು ಮೊದಲು ಆ ನೀರಿನಲ್ಲಿ ಬಿಟ್ಟು ನೋಡಿದೆ. ಮಣ್ಣು ಹೋಯಿತು, ದಾರ ಮೆತ್ತಗೇ ಇತ್ತು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ದೊಡ್ಡ ಟಬ್ಬಿಗೆ ತಣ್ಣೀರು ತುಂಬಿ, ನೆನೆಸಿದ ಕಾಯಿಯ ನೊರೆ ನೀರು ಸೋಸಿ ಹಾಕಿ, ಸ್ವೆಟರನ್ನು ಇಳಿಬಿಟ್ಟೆ. ತಿಕ್ಕಲಿಲ್ಲ, ಹಿಂಡಲಿಲ್ಲ, ಅಂಗೈಯಿಂದ ಮೆಲ್ಲಗೆ ಒತ್ತಿದೆ ಅಷ್ಟೆ. ಅಬ್ಬಾ, ಬಿಟ್ಟಿತು ನೋಡಿ ಕೆಂಪು! ಮೂರು ವರ್ಷ ನಾನು ಹೊತ್ತು ತಂದ ಸಂಡೂರಿನ ಗುಡ್ಡ ಆ ಟಬ್ಬಿನಲ್ಲಿತ್ತು. ಏಳು ನೀರು ಬದಲಿಸಿದೆ. ಏಳನೆಯದರಲ್ಲಿ ಟಬ್ಬಿನ ತಳ ಕಂಡಿತು. ಉಣ್ಣೆ ಕುಗ್ಗಿರಲಿಲ್ಲ. ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ನೆರಳಲ್ಲಿದ್ದ ಹೊರಸಿನ ಮೇಲೆ ಮಗುವನ್ನು ಬೋರಲು ಮಲಗಿಸುವಂತೆ ಬೆನ್ನು ಮೇಲಾಗಿ ಹರಡಿದೆ.

ಆಗ ಕಂಡಿತು. ಧೂಳು ತುಂಬಿ ಒಂದಾಗಿದ್ದ ಕುಣಿಕೆಗಳು ಈಗ ಒಂದೊಂದೂ ಬಿಡಿಬಿಡಿಯಾಗಿ ಎಣಿಸುವಂತಿದ್ದವು. ಸೊಂಟದಿಂದ ಒಂದು ಗೇಣು ಮೇಲಿನವರೆಗೆ ಅಚ್ಚು ಹೊಡೆದಂತೆ ಸಾಲು. ಆಮೇಲೆ ನಾಲ್ಕು ಬೆರಳಗಲ ಎಲ್ಲ ತಪ್ಪು. ಒಂದು ಕುಣಿಕೆ ಜಾರಿದೆ, ಎರಡು ಒಟ್ಟಿಗೆ ಸಿಕ್ಕಿಕೊಂಡಿವೆ, ಬಿಚ್ಚಿ ಮತ್ತೆ ಹೆಣೆದ ಕಡೆ ದಾರ ಸೋತಿದೆ. ಅದರ ಮೇಲೆ ಮತ್ತೆ ನೇರ, ಮೊದಲಿಗಿಂತ ಸ್ವಲ್ಪ ಬಿಗಿ, ಒಂದೂ ತಪ್ಪಿಲ್ಲ. ತಿರುವಿ ನೋಡಿದೆ. ಎದೆಯಲ್ಲಿ ತಪ್ಪಿಲ್ಲ. ತೋಳಲ್ಲಿ ತಪ್ಪಿಲ್ಲ. ಕುತ್ತಿಗೆಯಲ್ಲಿ ತಪ್ಪಿಲ್ಲ.

ಅತ್ತೆ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದರು. ಕೈಹಿಡಿದು ಕರೆತಂದು ಅವರ ಬೆರಳನ್ನು ಆ ಜಾಗಕ್ಕೆ ಇಟ್ಟೆ.

“ಅತ್ಯಾ, ಇಲ್ಲಿ ಏನಾಗೇದ್ರಿ?”

ಬೆರಳು ಒಂದು ಸಲ ಹೋಗಿ ಬಂತು. “ಅದಾ? ಅಲ್ಲಿಗೆ ಕಣ್ಣು ಹೋತು. ಎಂಟು ದಿನ ತ್ರಾಸಾತು. ಆಮ್ಯಾಲೆ ಕೈಗೇ ಗೊತ್ತಾತು.”

ಅಂದರೆ ಉಳಿದ ಅರ್ಧ ಬೆನ್ನು, ಎದೆ, ಎರಡೂ ತೋಳು, ಎಲ್ಲ ಕತ್ತಲಲ್ಲಿ ಹೆಣೆದದ್ದು. ಅಷ್ಟು ತಿಂಗಳು ನಮ್ಮೆದುರಿಗೇ ಕೂತು!

“ಆವಾಗ ಯಾಕ ಹೇಳಲಿಲ್ರಿ?”

“ಹೇಳಿದ್ರ ನೀ ಸಂಡೂರಿಗೆ ಹೋಗ್ತಿದ್ದೇನು? ಕುರುಡಿ ಅತ್ತೀನ ಬಿಟ್ಟು ಹ್ಯಾಂಗ ಹೋಗ್ಲಿ ಅಂತ ಆರ್ಡರ್ ಹರದು ಒಲಿಗೆ ಹಾಕ್ತಿದ್ದಿ. ನಿನ್ನ ಬುದ್ಧಿ ನನಗ ಗೊತ್ತಿಲ್ಲೇನು? ನೀ ಹೋಗಿ ಬಂದು ರೂಢಿ ಆಗಲಿ ಅಂತ ತಡದೆ.” ಬೆರಳು ಇನ್ನೂ ಆ ನಾಲ್ಕು ಬೆರಳಗಲದ ಮೇಲೇ ಇತ್ತು. “ಕೆಟ್ಟ ಕಾಣ್ತದೇನು? ಹೆಣೀಲಿಕ್ಕೆ ಬರೂವರು ಯಾರರ ಇದ್ರ ಇಷ್ಟು ಬಿಚ್ಚಿಸಿ ನೆಟ್ಟಗ ಮಾಡಿಸ್ಕೋ.”

“ಬಿಚ್ಚೋದಾ? ಯಾರರ ಮುಟ್ಟಿದ್ರ ನೋಡ್ರಿ ಮತ್ತ, ಕೈ ಮುರೀತೀನಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ, ಕೂಗುತ್ತಲೇ ಅವರ ಮಡಿಲಲ್ಲಿ ಮುಖ ಹುದುಗಿಸಿ ಗಳಗಳ ಅಳತೊಡಗಿದೆ.