ಅವ್ವ ಹಾಕಿದ ಮೊದಲ ಹೊಲಿಗೆ

ನಾನಿನ್ನೂ ಲಂಗ ತೊಟ್ಟು ಓಣಿ ತುಂಬ ಓಡಾಡುತ್ತಿದ್ದಷ್ಟು ಚಿಕ್ಕವಳಿದ್ದಾಗ, ಹರಿಹರದ ನಮ್ಮ ಮನೆಯಲ್ಲಿ ಹಾಸಲೂ ಕೌದಿ, ಹೊದೆಯಲೂ ಕೌದಿ. ಕೌದಿ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ ಮಕ್ಕಳೇ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹೊಲಿದ ಹೊದಿಕೆ ಅದು. ಚಳಿಗೆ ಬೆಚ್ಚಗೆ, ಬೆನ್ನಿಗೆ ಮೆತ್ತಗೆ.

ನಮ್ಮ ಓಣಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದವಳು ನಮ್ಮವ್ವ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅಕ್ಕನನ್ನೂ ಸಾಕಿದ್ದು ಅವಳ ಸೂಜಿಯೇ. ಆಗಾಗ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ದರ್ಜಿಗಳು ಕತ್ತರಿಸಿ ಉಳಿಸಿದ ಪಟ್ಟಿಗಳನ್ನು ಗಂಟು ಕಟ್ಟಿಕೊಂಡು ಬರುತ್ತಿದ್ದಳು. ಗಂಟು ಬಿಚ್ಚಿದರೆ ಹೊಸ ಬಟ್ಟೆಯ ಗಂಜಿ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ರವಿಕೆ ಬಟ್ಟೆಯ ಹಸಿರು, ಶಾಲೆಯ ಅಂಗಿಯ ನೀಲಿ, ಯಾರದೋ ಮದುವೆಯ ಕೆಂಪು. ಹತ್ತಿರದ ಹಳ್ಳಿ ಭಾನುವಳ್ಳಿಯಿಂದಲೂ ಹೆಂಗಸರು ಹಳೆ ಸೀರೆ ಹೊತ್ತು ಬರುತ್ತಿದ್ದರು. ಅವ್ವನ ಹೊಲಿಗೆ ಇರುವೆ ಸಾಲಿನ ಹಾಗೆ ಒತ್ತಾಗಿ, ನೇರವಾಗಿ ಇರುತ್ತಿತ್ತು.

ಆ ವರ್ಷ ದಾವಣಗೆರೆಯ ಹುಡುಗನೊಂದಿಗೆ ಅಕ್ಕನ ಮದುವೆ ಗೊತ್ತಾಯಿತು. ಗಂಡನ ಮನೆಗೆ ಹೋಗುವ ಹುಡುಗಿ ತವರಿನ ಕೌದಿ ಒಯ್ಯಬೇಕು. ಅದರ ಮೊದಲ ಹೊಲಿಗೆಯನ್ನು ಮುತ್ತೈದೆಯರು, ಅಂದರೆ ಗಂಡ ಬದುಕಿರುವ ಹೆಂಗಸರು ಹಾಕಬೇಕು. ಅದು ನಮ್ಮ ಓಣಿಯ ಪದ್ಧತಿ. ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ, ಓಣಿಯ ಹೆಂಗಸರನ್ನು ಕರೆದುಕೊಂಡು ಬಂದಳು.

ಅವ್ವ ಆಗಲೇ ಪಡಸಾಲೆಯಲ್ಲಿ ಸೀರೆಗಳನ್ನು ಹಾಸಿದ್ದಳು. ತುಂಡುಗಳನ್ನು ಕತ್ತರಿಸಿ ಜೋಡಿಸಿದ್ದಳು. ಎಲ್ಲರ ಸೂಜಿಗೂ ದಾರ ಪೋಣಿಸಿಟ್ಟಿದ್ದಳು. ಒಗ್ಗರಣೆ ಹಾಕಿದ ಮಂಡಕ್ಕಿಯ ಘಮ ಮೂಗಿಗೆ ಬಡಿಯುತ್ತಿತ್ತು. ಹೆಂಗಸರು ಕೂತ ಕೂಡಲೇ ಅವ್ವ ಸೂಜಿಯನ್ನು ದೊಡ್ಡವ್ವನ ಕೈಗೆ ಕೊಟ್ಟು, ಸೆರಗು ಹೊದ್ದು, ಯಾರೂ ಹೇಳದೆಯೇ ಅಡುಗೆಮನೆಗೆ ಹೋಗಿಬಿಟ್ಟಳು.

"ಅವ್ವಾ, ನೀ ಕೂಡಲ್ಲೇನು?" ಎಂದು ನಾನು ಕೂಗಿದೆ.

"ನಿಮ್ಮವ್ವ ಇದಕ್ಕ ಕೈ ಹಚ್ಚಬಾರ್ದು. ಸುಮ್ನಿರು" ಎಂದಳು ದೊಡ್ಡವ್ವ.

ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಿಮ್ಮನ್ಯಾಗಿನ ಕೌದಿ ಎಲ್ಲಾ ನಮ್ಮವ್ವನೇ ಹೊಲ್ದಿದ್ದಲ್ಲ? ಅದಕ್ಕ ಕೈ ಹಚ್ಚಬೌದು, ಇದಕ್ಕ ಯಾಕ ಬ್ಯಾಡ?"

ಮಂಡಕ್ಕಿ ಅಗಿಯುವ ಸದ್ದು ನಿಂತಿತು. ದೊಡ್ಡವ್ವ ನನ್ನ ತೋಳು ಹಿಡಿದು ಜೋರಾಗಿ ಚಿವುಟಿದಳು. ನಾನು ಅಳಲಿಲ್ಲ, ಕೂತಲ್ಲಿಂದ ಏಳಲೂ ಇಲ್ಲ. ಅಷ್ಟರಲ್ಲಿ ಅಕ್ಕ ಎದ್ದು ನಿಂತಳು.

"ಅವ್ಳು ಕೇಳಿದ್ದು ಸರಿ ಐತೆ, ದೊಡ್ಡವ್ವ. ಮೊದ್ಲ ಹೊಲಿಗಿ ನಮ್ಮವ್ವ ಹಾಕ್ಬೇಕು. ಇಲ್ಲಾಂದ್ರ ನನಗ ಕೌದಿನೇ ಬ್ಯಾಡ."

"ಬೀಗ್ರ ಕಿವಿಗೆ ಬಿದ್ರ ಮದ್ವಿ ನಿಂತೋಗ್ತೈತೆ, ಗೊತ್ತೈತೇನು?"

"ಅಷ್ಟಕ್ಕ ನಿಲ್ಲೋ ಮದ್ವಿ ನಿಲ್ಲಲಿ ಬಿಡ್ರಿ."

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಕೆಲವರು ಅಕ್ಕನ ಮುಖ ನೋಡದೆ ಹೋದರು. ದೊಡ್ಡವ್ವ ಸೂಜಿಯನ್ನು ನೆಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅವ್ವ ಹೊರಗೆ ಬಂದಳು. ಅವಳಿಗೆ ಖುಷಿಯಾಗಿರಬಹುದು ಎಂದುಕೊಂಡಿದ್ದೆ. ಅವಳು ಬಾಗಿಲಾಚೆ ಹೋಗುತ್ತಿದ್ದವರನ್ನು ನೋಡಿ ನಮ್ಮ ಕಡೆ ತಿರುಗಿದಳು. "ಏನ್ ಮಾಡಿದ್ರೇ ಇಬ್ರೂ? ನಾಳೆ ಏನಾರ ಹೆಚ್ಚುಕಮ್ಮಿ ಆದ್ರ ಎಲ್ರೂ ನನ್ನ ಕೈನೇ ತೋರಿಸ್ತಾರ."

"ತೋರಿಸ್ಲಿ" ಎಂದಳು ಅಕ್ಕ. "ಈ ಕೈನೇ ನಮಗ ಉಣ್ಣಾಕ ಇಟ್ಟಿದ್ದು."

ಅವ್ವ ಒಳಗೆ ಹೋದಳು. ಅಕ್ಕ ಕೌದಿಯ ಒಂದು ಅಂಚಿನಲ್ಲಿ ಕೂತಳು. ನಾನು ಇನ್ನೊಂದು ಅಂಚಿನಲ್ಲಿ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು, ಬದನೆಕಾಯಿ ಪಲ್ಯದ ವಾಸನೆ ಬಂತು. "ಉಣ್ಣಾಕ ಬರ್ರೇ" ಎಂದು ಅವ್ವ ಕರೆದಳು. ಅಕ್ಕ ಹೋಗಲಿಲ್ಲ. ಅವಳು ಹೋಗಲಿಲ್ಲವೆಂದು ನಾನೂ ಹೋಗಲಿಲ್ಲ. ಹೊಟ್ಟೆ ಮಾತ್ರ ಚುರುಗುಟ್ಟುತ್ತಿತ್ತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದು, ಹಸಿರು ತುಂಡಿನಿಂದ ಕೆಂಪು ತುಂಡಿಗೆ ಸರಿಯಿತು.

ಅಕ್ಕನಿಗೆ ಜೊಂಪು ಹತ್ತಿತು. ನನಗೆ ಸುಮ್ಮನೆ ಕೂತು ಬೇಸರವಾಯಿತು. ಹೊಲಿಗೆ ಕಲಿತುಬಿಡೋಣವೆಂದು ದೊಡ್ಡವ್ವ ಬಿಸಾಡಿದ ಸೂಜಿಯನ್ನು ಎತ್ತಿಕೊಂಡು, ಮೂಲೆಯಲ್ಲಿ ಚುಚ್ಚಿ ಎಳೆದೆ. ಒಂದು ಹೊಲಿಗೆ ಇಲ್ಲಿ, ಇನ್ನೊಂದು ಕಪ್ಪೆ ಜಿಗಿದ ಹಾಗೆ ಎಲ್ಲೋ ಅಲ್ಲಿ. ಕೊನೆಗೆ ಹಸಿವು ತಡೆಯಲಾಗದೆ, ರೊಟ್ಟಿ ತಿಂದೇಬಿಡೋಣವೆಂದು ಎದ್ದೆ. ಎದ್ದರೆ ಕೌದಿಯೂ ನನ್ನ ಜೊತೆ ಎದ್ದಿತು! ಸೀರೆಯ ಜೊತೆ ನನ್ನ ಲಂಗವನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ತುಂಡುಗಳೆಲ್ಲ ಚೆಲ್ಲಾಪಿಲ್ಲಿಯಾದವು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಬಂದು ನನ್ನ ಪಕ್ಕ ಕೂತು, ದಾರ ಕತ್ತರಿಸಿ ನನ್ನನ್ನು ಬಿಡಿಸಿದಳು. ನಾನು ಹಾಕಿದ್ದನ್ನೆಲ್ಲ ಬಿಚ್ಚಿದಳು. ಚೆದುರಿದ ತುಂಡುಗಳನ್ನು ಒಂದೊಂದಾಗಿ ಸರಿಪಡಿಸಿದಳು. ಆಮೇಲೆ ಅವಳ ಕೈ ಸೂಜಿ ಹಿಡಿದುಕೊಂಡು ಹಾಗೆಯೇ ನಿಂತಿತು.

"ಬಾಗ್ಲ ಹಾಕು" ಎಂದಳು ಮೆಲ್ಲಗೆ.

"ಹಾಕಲ್ಲ" ಎಂದಳು ನಗುವಿಗೆ ಎಚ್ಚರವಾಗಿದ್ದ ಅಕ್ಕ.

ತೆರೆದ ಬಾಗಿಲ ಆಚೆ ಕೊಡ ಹೊತ್ತ ಇಬ್ಬರು ಹೆಂಗಸರು ನಮ್ಮ ಕಡೆಯೇ ನೋಡುತ್ತ ನಿಂತಿದ್ದರು. ಅವ್ವ ಅವರನ್ನು ನೋಡಿದಳು. ತಲೆ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಂಪು ತುಂಡಿನ ಮೂಲೆಗೆ ಸೂಜಿ ಚುಚ್ಚಿ, ದಾರವನ್ನು ಉದ್ದಕ್ಕೆ ಎಳೆದಳು. ಅವತ್ತು ಕತ್ತಲಾಗುವವರೆಗೂ ಅವಳು ಕೈ ನಿಲ್ಲಿಸಲಿಲ್ಲ. ನಾನೂ ಅಕ್ಕನೂ ಅಲ್ಲೇ ಕೂತು ರೊಟ್ಟಿ ತಿಂದೆವು.

ಮದುವೆ ನಿಲ್ಲಲಿಲ್ಲ. ಆದರೆ ದೊಡ್ಡವ್ವ ಬೀಗರಿಗೆ ಸುದ್ದಿ ಮುಟ್ಟಿಸಿದ್ದಳು. ಅಕ್ಕನ ಅತ್ತೆ ಕೌದಿಯನ್ನು ಮಡಚಿ ಅಟ್ಟಕ್ಕೆ ಹಾಕಿಸಿದರು. ಅಕ್ಕ ಅದೇ ಸಂಜೆ ಏಣಿ ಹಾಕಿ ಇಳಿಸಿಕೊಂಡಳು. ಒಂದೆರಡು ವರ್ಷದ ಮೇಲೆ ಭಾವ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು. "ಹೇಳ್ಲಿಲ್ವಾ, ಆ ಕೌದಿ..." ಎಂದು ಜನ ಆಡಿಕೊಂಡರು. ಅವ್ವ ಅದನ್ನು ಕೇಳಿ ಊಟ ಬಿಟ್ಟಳು. ಅಕ್ಕ ಏನು ಮಾಡಿದಳು ಗೊತ್ತೇ? ಕೌದಿಯನ್ನು ಚೆನ್ನಾಗಿ ಒಗೆದು, ಹಿತ್ತಲಲ್ಲಿ ಹಾಕದೆ, ಬೀದಿ ಕಡೆಯ ತಂತಿಯ ಮೇಲೆ ಹರಡಿದಳು. ಆಮೇಲೆ ಹರಿಹರಕ್ಕೆ ಬಂದು ಅವ್ವನನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ, ಭಾವನ ಮಂಚದ ಪಕ್ಕದಲ್ಲೇ ಕೂರಿಸಿದಳು. ಭಾವ ಆಮೇಲೂ ಸ್ವಲ್ಪ ಕುಂಟುತ್ತಿದ್ದರು. ಬಿದ್ದವರ ಕಾಲು ಮುರಿಯುತ್ತದೆ, ಹೊಲಿಗೆಗೂ ಅದಕ್ಕೂ ಏನು ಸಂಬಂಧ?

ಈಗ ಸರಸ್ವತಿ ನಗರದ ನಿಮ್ಮ ಮನೆಗೆ ಹೊದಿಕೆ ಬೇಕೆಂದರೆ ಫೋನಿನಲ್ಲಿ ಒತ್ತಿದರೆ ಸಾಕು, ಜಿಪ್ಪಿನ ಚೀಲದಲ್ಲಿ ಬಾಗಿಲಿಗೆ ಬರುತ್ತದೆ. ಯಾರ ಕೈ ಅದನ್ನು ಹೊಲಿಯಿತು ಎಂದು ಯಾರೂ ಕೇಳುವುದಿಲ್ಲ. "ಅಜ್ಜಿ, ಹಂಗೆಲ್ಲ ಇತ್ತಾ ಆಗ?" ಎಂದು ನೀವು ಕಣ್ಣರಳಿಸುತ್ತೀರಿ. ಆದರೆ ಮೊನ್ನೆ ನಿಮ್ಮ ಅತ್ತೆಯ ಮಗಳ ಅರಿಶಿನ ಶಾಸ್ತ್ರದಲ್ಲಿ ನೀವು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಾಗ, ಅರಿಶಿನದ ಬಟ್ಟಲು ಕೈಯಿಂದ ಕೈಗೆ ಬಂದು, ನನ್ನ ಮುಂದೆ ನಿಲ್ಲದೆ ಪಕ್ಕದವರಿಗೆ ಹೋಯಿತು. ನಿಮ್ಮ ಅಜ್ಜ ಹೋದ ಮೇಲೆ ನನ್ನ ಕೈಯೂ ಅಂಥದ್ದೇ ಆಗಿದೆ ನೋಡಿ.

ನಾನು ಎದ್ದು ಹೋಗಿ ಬಟ್ಟಲಿನೊಳಗೆ ಎರಡೂ ಕೈ ಅದ್ದಿದೆ. ಹುಡುಗಿಯ ಎರಡೂ ಕೆನ್ನೆಗೆ ಹಚ್ಚಿದೆ. ಅವಳು ನಕ್ಕು ಇನ್ನಷ್ಟು ಮುಖ ಒಡ್ಡಿದಳು. ನಿಮ್ಮ ಫೋಟೊದಲ್ಲಿ ನಾನು ಇದ್ದೇನೆ, ಹುಡುಕಿ ನೋಡಿ. ನಡುವಿನಲ್ಲೇ ಇದ್ದೇನೆ.