ಯಾರದ್ದೂ ಅಲ್ಲದ ಒಂದು ಇಮೇಲ್ ವಿಳಾಸ

"ಸಾರ್, ನಂದೇನಾದ್ರೂ ಬಂತಾ?"

ಹೋದ ಮಂಗಳವಾರ ಮಧ್ಯಾಹ್ನ ಜೈನಬ್ ನಮ್ಮ ತರಬೇತಿ ಕೇಂದ್ರದ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ, "ಏನು ಬರಬೇಕಿತ್ತಮ್ಮ?" ಎಂದು ನಾನೇ ತಿರುಗಿ ಕೇಳಿದೆ. ಗೌರಿಬಿದನೂರಿನ ಈ ಕೇಂದ್ರಕ್ಕೆ ನಾನು ಗೌರವ ಕಾರ್ಯದರ್ಶಿ. (ಗೌರವ ಅಂದರೆ ಸಂಬಳವಿಲ್ಲ, ಅಧಿಕಾರ ಮಾತ್ರ ಧಾರಾಳ.) ಜೈನಬ್ ಅಲೀಪುರದ ಹುಡುಗಿ, ನಮ್ಮಲ್ಲೇ ಕಂಪ್ಯೂಟರ್ ಕಲಿತವಳು. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರ ಆಫೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಇಂಟರ್‌ವ್ಯೂ ಪತ್ರ ಬರಬೇಕಾಗಿದ್ದದ್ದು ನಮ್ಮ ಕೇಂದ್ರದ ಇಮೇಲ್‌ಗೆ.

ಆ ವಿಳಾಸವನ್ನು ಕೆಲವೇ ದಿನಗಳ ಹಿಂದೆ ನಾನೇ ಮುಚ್ಚಿಸಿದ್ದೆ.

ನಡೆದದ್ದು ಇಷ್ಟು. ಇಲ್ಲಿಯವರೆಗೆ ನಮ್ಮ ಮೇಲ್‌ಗಳೆಲ್ಲ ಆಫೀಸಿನ ಹಳೇ ಕಂಪ್ಯೂಟರಿನೊಳಗೇ ಇದ್ದವು. ಅದು ಕೆಟ್ಟರೆ ಎಲ್ಲಾ ಹೋಯಿತು. ಹಾಗಾಗಿ ಇಂಟರ್‌ನೆಟ್‌ನಲ್ಲೇ ಇರುವ, ಎಲ್ಲಿ ಕೂತರೂ ತೆರೆಯಬಹುದಾದ ಹೊಸ ಮೇಲ್‌ಗೆ ಹೋಗೋಣ ಎಂದು ಕಮಿಟಿ ತೀರ್ಮಾನಿಸಿತು. ಬೆಂಗಳೂರಿನಿಂದ ಬಂದ ಎಂಜಿನಿಯರ್ ಕೇಳಿದ್ದು ಒಂದೇ: "ಯಾರ್ಯಾರಿಗೆ ಅಡ್ರೆಸ್ ಬೇಕು, ಲಿಸ್ಟ್ ಕೊಡಿ ಸಾರ್."

ನಾವು ಲಿಸ್ಟ್ ಮಾಡುವುದು ಹೇಗೆ ಗೊತ್ತಲ್ಲ? ಮದುವೆ ಪತ್ರಿಕೆಯ ಹಾಗೆ, ಹಿರಿಯರಿಂದ ಶುರು. ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ನಾನು. (ಅಧ್ಯಕ್ಷರು ಇವತ್ತಿಗೂ ಮೌಸ್ ಮುಟ್ಟಿಲ್ಲ.) ಕೊನೆಗೆ ಕೇಂದ್ರದ ಹೆಸರಿನ ಹಳೇ ವಿಳಾಸವೊಂದು ಉಳಿಯಿತು.

"ಇದು ಯಾರ್ದು?" ಎಂದರು ಎಂಜಿನಿಯರ್.

"ಯಾರದ್ದೂ ಅಲ್ಲ, ತೆಗೀರಿ" ಎಂದೆ.

"ಒಂದ್ ತಿಂಗ್ಳು ಇರ್ಲಿ ಸಾರ್, ಟೆಸ್ಟ್ ಮಾಡಿ ತೆಗೆಯೋಣ."

ಟೆಸ್ಟ್‌ಗೆ ಪುರುಸೊತ್ತೆಲ್ಲಿ? ಅವತ್ತು ಶುಕ್ರವಾರ, ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಹೊಸ ಮೇಲ್ ಚಾಲೂ ಆಗಲೇಬೇಕೆಂದು ಅಧ್ಯಕ್ಷರ ಅಪ್ಪಣೆ. ಮಾನಿಟರಿಗೆ ಕುಂಕುಮ ಇಟ್ಟಾಗಿತ್ತು, ತೆಂಗಿನಕಾಯಿ ಕೈಯಲ್ಲಿತ್ತು. ಆಫೀಸ್ ನೋಡಿಕೊಳ್ಳುವ ಸರೋಜಮ್ಮ ಹತ್ತಿರ ಬಂದು, "ಸಾರ್, ಆ ಅಡ್ರೆಸ್ಸು..." ಎಂದರು. "ಆಮೇಲೆ ಹೇಳೀರಂತೆ, ಮೊದಲು ಕರ್ಪೂರ ತನ್ನಿ" ಎಂದೆ. ಆಮೇಲೂ ಎರಡು ಸಲ ಹೇಳಲು ಬಂದರಂತೆ. ನಾನು ಬಿಜಿ.

ಸರೋಜಮ್ಮನ ಬಳಿ ಒಂದು ನೋಟ್‌ಬುಕ್ ಇದೆ. ಅದರ ತುಂಬ ನಮ್ಮಲ್ಲಿ ಕಲಿತು ಹೋದ ಹುಡುಗಿಯರ ಹೆಸರು. ಸೈಬರ್ ಸೆಂಟರ್‌ಗೆ ಮನೆಯಲ್ಲಿ ಕಳಿಸುವುದಿಲ್ಲ, ಹಾಗಾಗಿ ಅರ್ಜಿಗಳಲ್ಲಿ ಕೇಂದ್ರದ ವಿಳಾಸವನ್ನೇ ಕೊಡುತ್ತಿದ್ದರು. ಬಂದದ್ದನ್ನು ಸರೋಜಮ್ಮ ಪ್ರಿಂಟ್ ತೆಗೆದು, ಹೆಸರು ಬರೆದು ಡ್ರಾಯರಿನಲ್ಲಿಡುವುದು. ಹುಡುಗಿಯರು ಮಂಗಳವಾರ ಬಂದು ಒಯ್ಯುವುದು, ತುರ್ತಿನದಾದರೆ ಸರೋಜಮ್ಮನೇ ಫೋನ್ ಮಾಡಿ ತಿಳಿಸುವುದು. ವರ್ಷಗಳಿಂದ ನಡೆದು ಬಂದ ಪದ್ಧತಿ. ಕಾರ್ಯದರ್ಶಿಗೆ ಗೊತ್ತೇ ಇಲ್ಲ!

ಮನೆ ಬದಲಿಸುವಾಗ ಹಾಲಿನವರಿಗೆ, ಪೇಪರಿನವರಿಗೆ ಹೇಳಿ ಹೊರಡುತ್ತೇವೆ. ಈ ವಿಳಾಸಕ್ಕೆ ಯಾರ್ಯಾರದು ಬರುತ್ತದೆ ಎಂದು ಒಂದು ಮಾತು ಕೇಳಬಾರದಿತ್ತೇ?

ಫ್ಯಾಕ್ಟರಿಗೆ ಫೋನ್ ಮಾಡಿದೆ. "ಶುಕ್ರವಾರ ಮಧ್ಯಾಹ್ನನೇ ಕಳ್ಸಿದ್ವಲ್ಲ ಸಾರ್. ಅಂಥ ಅಡ್ರೆಸ್ಸೇ ಇಲ್ಲ ಅಂತ ವಾಪಸ್ ಬಂತು. ಇಂಟರ್‌ವ್ಯೂ ನಿನ್ನೆನೇ ಮುಗೀತು, ಬೇರೆಯೋರ್ನ ತಗೊಂಡಾಯ್ತು" ಎಂದರು. ತಪ್ಪು ನಮ್ಮದು, ಹುಡುಗಿಯದಲ್ಲ ಎಂದು ಬೇಡಿಕೊಂಡೆ. ಮುಂದಿನ ಸಲ ನೋಡೋಣ ಎಂದು ಫೋನಿಟ್ಟರು.

ಜೈನಬ್ ಬೈಯಲಿಲ್ಲ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು. "ಕೆಲ್ಸ ಸಿಕ್ಕಿದ್ರೆ ಸಂಜೆ ಕಾಲೇಜು ಸೇರ್ಕೊಳೋಣ ಅಂತಿದ್ದೆ ಸಾರ್. ಹೋಗ್ಲಿ ಬಿಡಿ" ಎಂದಳು. ಆ "ಹೋಗ್ಲಿ ಬಿಡಿ" ಇನ್ನೂ ಕಿವಿಯಲ್ಲಿದೆ.

ಎಂಜಿನಿಯರಿಗೆ ಹೇಳಿ ಆ ವಿಳಾಸವನ್ನು ಮತ್ತೆ ತೆರೆಸಿದೆ. ಐದೇ ನಿಮಿಷದ ಕೆಲಸ. ಆಗ ಗಂಟೆ ಮೂರೂವರೆ, ಮಂಗಳವಾರದ ನಟ್ಟನಡು ರಾಹುಕಾಲ.

ಹೊರಡುವ ಮುಂಚೆ ಜೈನಬ್ ಬ್ಯಾಗಿನಿಂದ ಇನ್ನೊಂದು ಅರ್ಜಿ ತೆಗೆದಳು. ಇಮೇಲ್ ಬರೆಯುವ ಜಾಗಕ್ಕೆ ಬಂದು ಪೆನ್ನು ನಿಲ್ಲಿಸಿದಳು. "ಈ ಸಲ ಯಾವ್ ಅಡ್ರೆಸ್ ಹಾಕ್ಲಿ?"

ಕೇಳಿದ್ದು ಎದುರಿಗೇ ಕೂತಿದ್ದ ನನ್ನನ್ನಲ್ಲ, ಸರೋಜಮ್ಮನನ್ನು.